ದೊಡ್ಡ ಸಾಮಾನಿಗೂ ಬೀದರ್‌ನಿಂದಲೇ ಟಿಕೆಟ್ ಸಿಗಲಿ

ಹುಮನಾಬಾದ್, ಬಸವಕಲ್ಯಾಣದಿಂದ ದುಬೈಗೋ ಅಮೆರಿಕಕ್ಕೋ ಹೊರಟವರ ಮುಂದೆ ಎರಡು ದಾರಿಗಳಿವೆ. ರಾಷ್ಟ್ರೀಯ ಹೆದ್ದಾರಿ 65 ಹಿಡಿದು ಜಹೀರಾಬಾದ್ ದಾಟಿ ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣ ಸೇರುವುದು ಒಂದು. ಬೀದರ್‌ನಲ್ಲಿ ವಿಮಾನ ಹತ್ತಿ ಬೆಂಗಳೂರಿಗೆ ಹೋಗಿ, ಅಲ್ಲಿಂದ ಬೇರೆ ಕಂಪನಿಯ ವಿಮಾನದಲ್ಲಿ ಮುಂದೆ ಸಾಗುವುದು ಇನ್ನೊಂದು. ಹುಮನಾಬಾದ್‌ನಿಂದ ಬೀದರ್ ಸುಮಾರು ಐವತ್ತು ಕಿಲೋಮೀಟರ್. ಶಂಷಾಬಾದ್ ಹತ್ತಿರಹತ್ತಿರ ಅದರ ಮೂರರಷ್ಟು. ಆದರೂ ಜೊತೆಗೆ ದೊಡ್ಡ ಸಾಮಾನು ಇದ್ದವರಿಗೆ ಇವತ್ತಿನ ಸ್ಥಿತಿಯಲ್ಲಿ ಶಂಷಾಬಾದೇ ಲೇಸು ಎನ್ನಬೇಕಾಗಿದೆ. ಬೆಂಗಳೂರಿನಲ್ಲಿ ಒಂದು ಕಂಪನಿಯ ಹೊಣೆ ಮುಗಿದು ಇನ್ನೊಂದರ ಹೊಣೆ ಶುರುವಾಗುವ ನಡುವೆ ಸಾಮಾನಿನ ಭಾರವೆಲ್ಲ ಪ್ರಯಾಣಿಕರ ತಲೆಯ ಮೇಲೆಯೇ ಬೀಳುವುದು ಇದಕ್ಕೆ ಕಾರಣ. ಸಾರ್ವಜನಿಕ ಹಣದ ನೆರವು ಪಡೆದು ಹಾರುವ ಕಂಪನಿಗಳಿಗೆ, ಸಾಮಾನನ್ನು ಕೊನೆಯ ಊರಿನವರೆಗೆ ಒಂದೇ ಟಿಕೆಟ್ ಮೇಲೆ ತಲುಪಿಸುವ ಷರತ್ತನ್ನು ಸರ್ಕಾರ ಹಾಕಲೇಬೇಕು.

ಎರಡು ಕಂಪನಿಗಳ ನಡುವೆ, ಒಬ್ಬರ ಪ್ರಯಾಣಿಕರನ್ನೂ ಸಾಮಾನನ್ನೂ ಇನ್ನೊಬ್ಬರು ಮುಂದೊಯ್ಯುವ ಇಂಟರ್‌ಲೈನ್ ಒಪ್ಪಂದವಿದ್ದು, ಎರಡೂ ಹಾರಾಟಗಳು ಒಂದೇ ಟಿಕೆಟ್‌ನಲ್ಲಿದ್ದರೆ ಮೊದಲ ಕೌಂಟರಿನಲ್ಲೇ ಕೊನೆಯ ಊರಿನ ಟ್ಯಾಗ್ ಬೀಳುತ್ತದೆ. ಬ್ಯಾಗಿನ ಹಿಡಿಗೆ ಸುತ್ತುವ ಆ ಉದ್ದನೆಯ ಚೀಟಿಯಲ್ಲಿ ಬಾರ್‌ಕೋಡ್, ಹತ್ತಂಕಿಯ ಒಂದು ಸಂಖ್ಯೆ, ಊರುಗಳ ಮೂರಕ್ಷರದ ಸಂಕೇತಗಳು ಇರುತ್ತವೆ. ಬೀದರ್‌ನ ಸಂಕೇತ ಐಎಕ್ಸ್‌ಎಕ್ಸ್, ಬೆಂಗಳೂರಿನದು ಬಿಎಲ್‌ಆರ್. ಬೀದರ್‌ನಲ್ಲಿ ಅಂಟಿಸಿದ ಚೀಟಿ ಬಿಎಲ್‌ಆರ್‌ಗೇ ಮುಗಿದರೆ, ಬೆಂಗಳೂರಿನಲ್ಲಿ ಬೆಲ್ಟಿನಿಂದ ಸಾಮಾನು ಇಳಿಸಿಕೊಂಡು, ಹೊರಬಂದು, ಮತ್ತೆ ಒಳಹೋಗಿ, ಎರಡನೆಯ ಕಂಪನಿಯ ಕೌಂಟರಿನಲ್ಲಿ ಮತ್ತೆ ತೂಗಿಸಬೇಕು. ದೇಶದೊಳಗಿನ ಸಾದಾ ಟಿಕೆಟ್‌ಗೆ ಸಾಮಾನ್ಯವಾಗಿ 15 ಕೆ.ಜಿ. ಮಿತಿ, ಅಮೆರಿಕದ ಟಿಕೆಟ್‌ಗಳಲ್ಲಿ ತಲಾ 23 ಕೆ.ಜಿ.ಯ ಎರಡು ಪೆಟ್ಟಿಗೆಗಳಿಗೆ ಅವಕಾಶವಿರುವುದು ಹೆಚ್ಚು. ಬೇರೆ ಬೇರೆ ಟಿಕೆಟ್ ಕೊಂಡವರು ಬೆಂಗಳೂರು–ಬೀದರ್ ನಡುವಿನ ಸಣ್ಣ ಹಾರಾಟಕ್ಕೇ 31 ಕೆ.ಜಿ.ಯ ಹೆಚ್ಚುವರಿ ದರ ತೆರಬೇಕಾಗುತ್ತದೆ. ತೂಕದ ಕಥೆ ಇದಾದರೆ, ಅಳತೆಯದು ಇನ್ನೂ ಕಷ್ಟ. ಉದ್ದ, ಅಗಲ, ಎತ್ತರ ಕೂಡಿಸಿ 158 ಸೆಂಟಿಮೀಟರ್ ಎಂಬುದು ಹಲವು ಕಂಪನಿಗಳ ಸಾಮಾನ್ಯ ಮಿತಿ. ಕೊಲ್ಲಿಯಿಂದ ತರುವ 43 ಇಂಚಿನ ಟಿವಿಯ ಡಬ್ಬಿ ಆ ಗೆರೆಯನ್ನು ಸಲೀಸಾಗಿ ದಾಟುತ್ತದೆ. ದಾಟಿದ ಮೇಲೆ ಒಂದೊಂದು ಕಂಪನಿಯದೂ ಒಂದೊಂದು ದರ. ಒಬ್ಬರು ಒಪ್ಪಿದ್ದನ್ನು ಇನ್ನೊಬ್ಬರು ನಿರಾಕರಿಸಲೂಬಹುದು.

ಈ ಸೀಮೆಗೆ ಟಿವಿಗಿಂತ ಹತ್ತಿರದ ಇನ್ನೊಂದು ಸಾಮಾನಿದೆ. ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಹುಮನಾಬಾದ್ ಪಕ್ಕದ ಮಾಣಿಕನಗರದಲ್ಲಿ ನೆಲೆಸಿದ ಕಾಲದಿಂದ ಅಲ್ಲಿನ ದತ್ತಜಯಂತಿ ಉತ್ಸವಕ್ಕೂ ಹಿಂದೂಸ್ತಾನಿ ಸಂಗೀತಕ್ಕೂ ಬಿಡದ ನಂಟು. ಗಾಯಕರ ಹಿಂದೆ ನಿಲ್ಲುವ ದೊಡ್ಡ ತಂಬೂರಿ ಹೆಚ್ಚುಕಡಿಮೆ ಐದು ಅಡಿ ಉದ್ದ. ಉದ್ದವೊಂದೇ 150 ಸೆಂಟಿಮೀಟರ್ ಆದಾಗ, ಬುರುಡೆಯ ಅಗಲವನ್ನೂ ಪೆಟ್ಟಿಗೆಯ ದಪ್ಪವನ್ನೂ ಕೂಡಿಸಿದರೆ 158ರ ಮಾತೇ ಇಲ್ಲ. ಬುರುಡೆ ಎಂದರೆ ಪಂಢರಪುರದ ಸುತ್ತಮುತ್ತ ಬೆಳೆದು ಒಣಗಿಸಿದ ಸೋರೆ. ಮಿರಜ್‌ನ ಕುಶಲಿಗಳ ಕೈಯಲ್ಲಿ ಅದು ವಾದ್ಯವಾಗುತ್ತದೆ. ಮರದ ಕುತ್ತಿಗೆಗೆ ಇರುವ ಗಟ್ಟಿತನ ಆ ಬುರುಡೆಗಿಲ್ಲ. ಒಂದು ಏಟು ಬಿದ್ದರೆ ಸೀಳುತ್ತದೆ, ಸೀಳಿದ್ದನ್ನು ಅಂಟಿಸಿದರೂ ನಾದ ಮೊದಲಿನಂತೆ ಬರುವುದು ಅನುಮಾನ. ಇಂಥ ವಸ್ತು ಬೆಲ್ಟಿನ ಮೇಲೆ ಹೋಗುವುದಿಲ್ಲ. ದೊಡ್ಡ ಸಾಮಾನಿನ ಕೌಂಟರಿಗೆ ಒಯ್ದು, ಮುರಿದರೆ ಕಂಪನಿಯ ಹೊಣೆ ಸೀಮಿತ ಎಂದು ಬರೆದ ಟ್ಯಾಗಿಗೆ ಸಹಿ ಹಾಕಿ ಕೊಡಬೇಕಾಗುತ್ತದೆ. ಎರಡು ಟಿಕೆಟ್‌ಗಳಿದ್ದರೆ ಇಷ್ಟೂ ಕೆಲಸ ಎರಡು ಸಲ. ಕೊನೆಗೆ ಪೆಟ್ಟಿಗೆ ಬಿಚ್ಚಿದಾಗ ಸೀಳು ಕಂಡರೆ ಅದು ಯಾರ ಕೈಯಲ್ಲಿ ಆಯಿತೆಂದು ತೋರಿಸಿಕೊಡುವ ಭಾರವೂ ಗಾಯಕರದೇ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ವಿಮಾನ ಕಂಪನಿಗಳ ಹೊಣೆ ಕುರಿತ 1999ರ ಮಾಂಟ್ರಿಯಲ್ ಒಡಂಬಡಿಕೆಗೆ ಭಾರತ 2009ರಲ್ಲಿ ಸೇರಿತು. ಎರಡು ದೇಶಗಳ ನಡುವಿನ ಒಂದೇ ಪ್ರಯಾಣವೆಂದು ಒಪ್ಪಿಕೊಂಡದ್ದರಲ್ಲಿ ದೇಶದೊಳಗಿನ ತುಂಡು ಹಾರಾಟವೂ ಅದರ ವ್ಯಾಪ್ತಿಗೆ ಬರುತ್ತದೆ. ಆಗ ಸಾಮಾನು ಹಾಳಾದರೆ ಮೊದಲ ಕಂಪನಿ, ಕೊನೆಯ ಕಂಪನಿ, ಯಾರ ಹಾರಾಟದಲ್ಲಿ ಹಾನಿಯಾಯಿತೋ ಆ ಕಂಪನಿ, ಮೂವರ ಮೇಲೂ ದಾವೆ ಹೂಡಬಹುದು. ಪರಿಹಾರದ ಮಿತಿ 2024ರ ಡಿಸೆಂಬರ್ 28ರಿಂದ 1,519 ಎಸ್‌ಡಿಆರ್ (ಐಎಂಎಫ್‌ನ ಲೆಕ್ಕದ ಘಟಕ), ಅಂದರೆ ಸುಮಾರು ಎರಡು ಸಾವಿರ ಡಾಲರ್. ಬೀದರ್–ಬೆಂಗಳೂರು ಬೇರೆಯೇ ಟಿಕೆಟ್ ಆದರೆ ಅದು ದೇಶೀಯ ಪ್ರಯಾಣ; ಮಿತಿ 20,000 ರೂಪಾಯಿಗೆ ಇಳಿಯುತ್ತದೆ. ಅದೇ ವಾದ್ಯ, ಅದೇ ಹಾರಾಟ, ಅದೇ ಸೀಳು. ಟಿಕೆಟ್ ಒಂದೋ ಎರಡೋ ಎಂಬುದರ ಮೇಲೆ ಇಷ್ಟು ಅಂತರ. ಅಮೆರಿಕ ಸರ್ಕಾರ 2011ರಲ್ಲಿ ಹೊರಡಿಸಿದ ನಿಯಮದ ಪ್ರಕಾರ, ಅಲ್ಲಿಗೆ ಹೋಗುವ ಅಥವಾ ಅಲ್ಲಿಂದ ಹೊರಡುವ ಒಂದೇ ಟಿಕೆಟ್‌ನ ಪ್ರಯಾಣಕ್ಕೆ ಶುರುವಿನಲ್ಲಿ ಅನ್ವಯವಾದ ಲಗೇಜು ಮಿತಿ ಮತ್ತು ದರವೇ ಕೊನೆಯವರೆಗೂ ನಡೆಯಬೇಕು. ಸರ್ಕಾರ ಮನಸ್ಸು ಮಾಡಿದರೆ ಕಂಪನಿಗಳನ್ನು ಒಂದು ಮಾತಿಗೆ ಕಟ್ಟಿಹಾಕಬಹುದು ಎಂಬುದಕ್ಕೆ ಇದೇ ಸಾಕ್ಷಿ.

ಬೇರೆ ಬೇರೆ ಟಿಕೆಟ್ ಕೊಂಡರೆ ಅಗ್ಗ, ಜನ ತಾವಾಗಿಯೇ ಅದನ್ನು ಆರಿಸಿಕೊಳ್ಳುತ್ತಾರೆ, ಅದರ ಹೊಣೆಯೂ ಅವರದೇ ಎನ್ನುವವರಿದ್ದಾರೆ. ಆರಿಸಿಕೊಳ್ಳಲು ಎರಡು ಬಗೆಯ ಟಿಕೆಟ್‌ಗಳೂ ಕಣ್ಣ ಮುಂದೆ ಇರಬೇಕಲ್ಲ? ಬೀದರ್‌ನಿಂದ ಷಿಕಾಗೋಗೆ ಒಂದೇ ಟಿಕೆಟ್ ಮಾರಾಟಕ್ಕಿದ್ದು, ಅದನ್ನು ಬಿಟ್ಟು ಅಗ್ಗದ್ದು ಕೊಂಡವರಿಗೆ ಮಾತ್ರ ಈ ಮಾತು ಸಲ್ಲುತ್ತದೆ. ಕಸ್ಟಮ್ಸ್‌ನ ತೊಡಕು ಎತ್ತುವವರ ಮಾತಿನಲ್ಲಿ ಹೆಚ್ಚು ಸತ್ವವಿದೆ. ಹೊರದೇಶದಿಂದ ಬಂದ ಸಾಮಾನನ್ನು ಸಾಮಾನ್ಯವಾಗಿ ಭಾರತದ ಮೊದಲ ನಿಲ್ದಾಣದಲ್ಲೇ ಪಡೆದು ಸುಂಕದವರಿಗೆ ತೋರಿಸಬೇಕು. ಯಾವ ಟ್ಯಾಗ್ ಇದ್ದರೂ ಅದು ತಪ್ಪದು. ಆದರೆ ತೋರಿಸಿದ ಮೇಲೆ, ಬೀದರ್ ಟ್ಯಾಗ್ ಇರುವ ಪೆಟ್ಟಿಗೆಯನ್ನು ಮತ್ತೆ ತೂಗಿಸದೆ, ಹೊಸ ದರ ಕೇಳದೆ ಅಲ್ಲೇ ವಾಪಸು ಒಪ್ಪಿಸಿಕೊಳ್ಳುವುದಕ್ಕೆ ಕಸ್ಟಮ್ಸ್ ಅಡ್ಡಿಯಲ್ಲ. ಸಣ್ಣ ವಿಮಾನದ ಹೊಟ್ಟೆಯಲ್ಲಿ ಜಾಗ ಕಡಿಮೆ ಎಂಬ ಮೂರನೆಯ ಆಕ್ಷೇಪವೂ ಸುಳ್ಳಲ್ಲ. ಅದಕ್ಕೆಂದೇ ಅಳತೆಯನ್ನು ಟಿಕೆಟ್ ಕಾಯ್ದಿರಿಸುವಾಗಲೇ ಕೇಳಿ, ಆಗುತ್ತದೋ ಇಲ್ಲವೋ ಆಗಲೇ ಹೇಳಬೇಕು. ಕೌಂಟರಿನ ಎದುರು, ಬೆನ್ನಿಗೆ ಸಾಲು ನಿಂತಿರುವಾಗ ಇಲ್ಲ ಎನ್ನಿಸಿಕೊಳ್ಳುವ ಪಾಡು ಯಾರಿಗೂ ಬರಬಾರದು.

ಹೇಗೂ ಜನ ಹೈದರಾಬಾದಿಗೆ ಹೋಗುತ್ತಾರೆ, ಬಿಡಿ ಎನ್ನುವ ಮಾತು ಮಾತ್ರ ಒಪ್ಪತಕ್ಕದ್ದಲ್ಲ. ಬೀದರ್‌ನ ನಾಗರಿಕ ನಿಲ್ದಾಣ 2020ರ ಫೆಬ್ರುವರಿಯಲ್ಲಿ ಸಣ್ಣ ಊರುಗಳಿಗೂ ವಿಮಾನ ಹಾರಿಸುವ ಕೇಂದ್ರದ ಉಡಾನ್ ಯೋಜನೆಯಡಿ ತೆರೆದುಕೊಂಡಿತು. ಹಾರಾಟ ನಿಂತು, ಮತ್ತೆ ಶುರುವಾಗಿ, ಮತ್ತೆ ನಿಂತು, 2025ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಆರಂಭವಾಯಿತು. ಸೀಟು ತುಂಬದ್ದಕ್ಕೆ ಕಾರಣ ಹುಡುಕುವವರು ದರ, ವೇಳಾಪಟ್ಟಿಗಳನ್ನಷ್ಟೇ ನೋಡುತ್ತಾರೆ. ಹೊರದೇಶಕ್ಕೆ ಹೋಗಿಬರುವ ಕುಟುಂಬ ದಾರಿ ಆರಿಸುವಾಗ ಮೊದಲು ಲೆಕ್ಕ ಹಾಕುವುದು ಪೆಟ್ಟಿಗೆಗಳನ್ನು. ಪೆಟ್ಟಿಗೆ ಹೋಗದ ದಾರಿಯಲ್ಲಿ ಆ ಕುಟುಂಬದ ಸೀಟೂ ಹೋಗದು. ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಗಿದೆ. ಅದನ್ನು ನೋಡಲು ಹೊರನಾಡಿನ ಶರಣಭಕ್ತರು ಬರಬೇಕೆಂದು ಬಯಸುವ ಸರ್ಕಾರಕ್ಕೆ ಅವರ ದಾರಿಯೂ ಲೆಕ್ಕಕ್ಕೆ ಬರಬೇಕು. ಆ ದಾರಿಗೆ ಕಟ್ಟಡದ ಅಡ್ಡಿಯೂ ಇಲ್ಲ. ಬೆಂಗಳೂರಿನ ಎರಡನೇ ಟರ್ಮಿನಲ್‌ನಿಂದ 2023ರ ಜನವರಿ 15ರಂದು ಹಾರಿದ ಮೊದಲ ವಿಮಾನ ಹೋದದ್ದು ಕಲಬುರಗಿಗೆ. ಅದೇ ವರ್ಷ ವಿದೇಶಿ ಹಾರಾಟಗಳೂ ಅದೇ ಟರ್ಮಿನಲ್‌ಗೆ ಬಂದವು. ಒಂದೇ ಕಟ್ಟಡದಲ್ಲಿ ಪೆಟ್ಟಿಗೆಯನ್ನು ಒಂದು ವಿಮಾನದಿಂದ ಇನ್ನೊಂದಕ್ಕೆ ದಾಟಿಸುವುದು ದೊಡ್ಡ ಕೆಲಸವಲ್ಲ. ಒಪ್ಪಂದ ಬೇಕು, ಅಷ್ಟೇ.

ಆ ಒಪ್ಪಂದ ಮಾಡಿಸುವ ಅಧಿಕಾರ ರಾಜ್ಯದ ಕೈಯಲ್ಲೂ ಇದೆ. ಉಡಾನ್ ಹಾರಾಟಗಳ ನಷ್ಟ ತುಂಬಿಕೊಡುವ ಮೊತ್ತದಲ್ಲಿ ಶೇ 20 ರಾಜ್ಯ ಸರ್ಕಾರದ ಪಾಲು. ಬೀದರ್, ಕಲಬುರಗಿಗೆ ಹಾರಲು ನೆರವು ಕೇಳಿ ಬರುವ ಕಂಪನಿಯ ಅರ್ಜಿಯಲ್ಲಿ ಇನ್ನು ಮುಂದೆ ಎರಡು ಕಾಲಂ ಹೆಚ್ಚಿಗೆ ಇರಲಿ: ಬೆಂಗಳೂರಿನಿಂದಾಚೆ ಯಾವ ಯಾವ ಕಂಪನಿಗಳ ಜೊತೆ ಇಂಟರ್‌ಲೈನ್ ಇದೆ, 158 ಸೆಂಟಿಮೀಟರ್ ಮೀರಿದ ಸಾಮಾನನ್ನು ಎಷ್ಟು ದರಕ್ಕೆ ಒಯ್ಯುತ್ತೀರಿ. ಆ ಕಾಲಂಗಳನ್ನು ಖಾಲಿ ಬಿಟ್ಟ ಅರ್ಜಿಗೆ ಹಣ ಬಿಡುಗಡೆಯಾಗದಂತೆ ಜಿಲ್ಲೆಯ ಶಾಸಕರು, ಸಂಸದರು ನೋಡಿಕೊಳ್ಳಬೇಕು.