ಡಿಸ್ಟಿಂಕ್ಟ್ ಅನ್ನೋ ತೇಪೆ

ಎಸ್‌ಕ್ಯೂಎಲ್ ಕ್ವೆರಿಯಲ್ಲಿ ಡಿಸ್ಟಿಂಕ್ಟ್ ಕಂಡ ಕೂಡಲೇ ನನಗೆ ಅನುಮಾನ ಶುರು. ಬಹಳ ಸಲ ಅದು ಹರಿದ ಜಾಯಿನ್‌ಗೆ ಹಾಕಿದ ತೇಪೆ ಕಣ್ರೀ.

ನಮ್ಮ ಕಡೆಯದೇ ಉದಾಹರಣೆ ಕೊಡ್ತೀನಿ. 2019ರ ಆಗಸ್ಟಿನಲ್ಲಿ ಕಬಿನಿ ಉಕ್ಕಿ ನಂಜನಗೂಡಿಗೆ ನೀರು ನುಗ್ಗಿದ್ದು ನೆನಪಿರಬಹುದು. ಅಂಥ ನೆರೆಯಲ್ಲಿ ಮುಳುಗಿದ ಜಮೀನುಗಳು ಒಂದು ಟೇಬಲ್‌ನಲ್ಲಿ, ಪಹಣಿ ಇನ್ನೊಂದರಲ್ಲಿ ಇದೆ ಅಂದ್ಕೊಳ್ಳಿ. ಪರಿಹಾರ ಯಾರಿಗೆ ಅಂತ ಪಟ್ಟಿ ತೆಗೀಬೇಕು. ಸರ್ವೆ ನಂಬರ್ ಎರಡರಲ್ಲೂ ಇದೆಯಲ್ಲ, ಅದರ ಮೇಲೇ ಜಾಯಿನ್ ಮಾಡೋಣ ಅನ್ನಿಸುತ್ತೆ. ಆದರೆ ಸ್ವಾಮಿ, ಸರ್ವೆ ನಂಬರ್ ಪ್ರತಿ ಊರಲ್ಲೂ ಒಂದರಿಂದಲೇ ಶುರು. ನಂಜನಗೂಡು ತಾಲ್ಲೂಕಿನ ಯಾವುದೋ ಹಳ್ಳಿಯಲ್ಲಿ 45 ಇದ್ದರೆ ತಿ. ನರಸೀಪುರದ ಕಡೆ ಹಳ್ಳಿಯಲ್ಲೂ 45 ಇರುತ್ತೆ. ಮುಳುಗಿದ್ದು ಒಂದು ಹೊಲ, ಬರೋದು ಊರಿಗೊಂದು ಸಾಲು! ಡಿಸ್ಟಿಂಕ್ಟ್ ಹಾಕಿದರೆ ತದ್ರೂಪು ಸಾಲುಗಳೇನೋ ಹೋಗ್ತವೆ, ನೀರನ್ನೇ ಕಾಣದ ಊರಿನ ರೈತ ಪಟ್ಟಿಯಲ್ಲೇ ಕೂತಿರ್ತಾನೆ.

2000ದ ಹೊತ್ತಿಗೆ ಬಂದ ‘ಭೂಮಿ’ಯಲ್ಲಿ ಪಹಣಿ ಹುಡುಕಿ ನೋಡಿ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್ನೋಕ್, ಹಿಸ್ಸಾ, ಅಷ್ಟನ್ನೂ ಕೇಳುತ್ತೆ. ರೇಜಿಗೆ ನಿಜ, ಆದರೆ ಹೊಲದ ಪೂರ್ತಿ ಗುರುತೇ ಅದು. ಜಾಯಿನ್‌ನ ‘ಆನ್’ ಭಾಗದಲ್ಲೂ ಅಷ್ಟೂ ಬರಬೇಕು.

ಊರು, ತಾಲ್ಲೂಕನ್ನ ಹೆಸರಿಂದ ಸೇರಿಸಬಾರದು, ಕೋಡ್ ನಂಬರಿಂದ ಸೇರಿಸಬೇಕು. ಒಂದು ಕಡೆ ತಿ. ನರಸೀಪುರ, ಇನ್ನೊಂದು ಕಡೆ ಟಿ. ನರಸೀಪುರ, ಮತ್ತೊಂದು ಕಡೆ ತಿರುಮಕೂಡಲು ನರಸೀಪುರ. ಯೂನಿಕೋಡ್‌ನಲ್ಲಿ ಬರೆಯೋ ನಮಗೆ ಇನ್ನೊಂದು ಮಜಾ ಇದೆ: ‘ಸೀ’ಯ ದೀರ್ಘವನ್ನು ಒಂದೇ ಸಂಕೇತವಾಗಿ ಇಡಬಹುದು, ಗುಡಿಸು ಮತ್ತು ದೀರ್ಘ ಅಂತ ಎರಡಾಗಿಯೂ ಇಡಬಹುದು. ಕಣ್ಣಿಗೆ ಒಂದೇ. ಬೈಟ್ ಬೈಟ್ ಹೋಲಿಸಿದರೆ ಬೇರೆ ಬೇರೆ :-)

ಹೀಗೆ ಹೊಂದದ ಸಾಲನ್ನು ಇನ್ನರ್ ಜಾಯಿನ್ ಸದ್ದಿಲ್ಲದೆ ಬೀಳಿಸುತ್ತೆ, ಎರರ್ ಕೂಡ ಬರಲ್ಲ. ಹೆಚ್ಚಾಗಿ ಬಂದ ಹೆಸರನ್ನ ಯಾರಾದರೂ ಹಿಡೀತಾರೆ. ಬಿದ್ದುಹೋದ ಹೆಸರನ್ನ ಆ ರೈತನೇ ಕಚೇರಿಗೆ ಅಲೆದು ಹುಡುಕಬೇಕು. ಅದಕ್ಕೇ ಮುಳುಗಿದ ಜಮೀನಿನ ಟೇಬಲ್ ಎಡಕ್ಕಿಟ್ಟು ಲೆಫ್ಟ್ ಜಾಯಿನ್ ಮಾಡಿ, ಪಹಣಿ ಸಿಗದೆ ನಲ್ ಬಂದವನ್ನು ಬೇರೆ ತೆಗೆದು ನೋಡಿ ಅಂತೀನಿ. ಪಹಣಿ ಟೇಬಲ್ ಮೇಲಿನ ಷರತ್ತು ‘ವೇರ್’ನಲ್ಲಿ ಬೇಡ, ‘ಆನ್’ನಲ್ಲೇ ಇರಲಿ. ವೇರ್‌ಗೆ ಹಾಕಿದರೆ ಆ ನಲ್ ಸಾಲುಗಳು ಮತ್ತೆ ಮಾಯ.

ಜಾಯಿನ್‌ಗೆ ಮುಂಚೆ ಎಷ್ಟು ಸಾಲು, ಆಮೇಲೆ ಎಷ್ಟು ಅಂತ ಎಣಿಸೋದೂ ಒಳ್ಳೇದು. ಎರಡೂ ಸಮ ಇರಲೇಬೇಕು ಅಂತಲ್ಲ. ಅಣ್ಣತಮ್ಮಂದಿರ ಜಂಟಿ ಖಾತೆ ಆದರೆ ಒಂದು ಹೊಲಕ್ಕೆ ಮೂರು ಸಾಲು ನ್ಯಾಯವೇ. ಆದರೆ ಆ ಮೂರು ಯಾಕೆ ಬಂತು ಅಂತ ಕ್ವೆರಿ ಬರೆದವರಿಗೆ ಗೊತ್ತಿರಬೇಕು.