ಮೂರು ಗುಡ್ಡ, ಒಂದು ಸೂರ್ಯ, ಒಂದು ತೆಂಗಿನಮರ

ನಮ್ಮ ಸಂಘಸಂಸ್ಥೆಗಳ ವಾರ್ಷಿಕೋತ್ಸವ ಬಂತೆಂದರೆ ಮಕ್ಕಳಿಗೊಂದು ಚಿತ್ರಸ್ಪರ್ಧೆ ಇದ್ದೇ ಇರುತ್ತದೆ. ಸಮಯ ಒಂದು ಗಂಟೆ, ಹಾಳೆ ಸಂಘದ್ದು, ಬಣ್ಣ ಅವರವರದು. ವಿಷಯ ‘ನನ್ನ ಊರು’ ಅಥವಾ ‘ಹಳ್ಳಿಯ ದೃಶ್ಯ’. ಗಂಟೆ ಬಾರಿಸಿದ ಮೇಲೆ ಹಾಳೆಗಳನ್ನು ಸಾಲಾಗಿ ಹರಡಿ ನೋಡಿ. ಅಷ್ಟರಲ್ಲೂ ಒಂದೇ ಚಿತ್ರ! ಹಿಂದೆ ಮೂರು ಗುಡ್ಡ, ನಡುವಿನಿಂದ ಇಣುಕುವ ಸೂರ್ಯ, ಅಲ್ಲಿಂದ ಇಳಿದು ಬರುವ ನೀಲಿ ಹೊಳೆ, ದಡದಲ್ಲಿ ಹುಲ್ಲು ಮಾಡಿನ ಮನೆ, ಪಕ್ಕಕ್ಕೊಂದು ಬಾಗಿದ ತೆಂಗಿನಮರ, ಆಕಾಶದಲ್ಲಿ ನಾಲ್ಕು ಹಕ್ಕಿ. ಡೊಂಬಿವಲಿಯ ಹುಡುಗಿಯದೂ ಅದೇ, ಮೀರಾರೋಡಿನ ಹುಡುಗನದೂ ಅದೇ. ಬಣ್ಣ ಗೆರೆ ದಾಟದವರಿಗೆ ಪ್ರಥಮ ಬಹುಮಾನ. ಫೋಟೋ, ಚಪ್ಪಾಳೆ, ಉಪಾಹಾರ.

ಈ ಊರು ಯಾವುದು ಸ್ವಾಮಿ ಎಂದು ನಾವು ಕೇಳುತ್ತೇವೆ. ಉಡುಪಿಯ ಕಡೆ ಕಣ್ಣಿಗೆ ಮೊದಲು ಬೀಳುವುದು ಮುರಕಲ್ಲಿನ ಕೆಂಪು, ಪಾಚಿ ಹಿಡಿದ ಪಾಗಾರ, ಮಳೆಗೆ ಕಪ್ಪಾದ ಹಂಚಿನ ಮಾಡು. ವಿಜಾಪುರದ ಕಡೆಯವರ ಊರಿನಲ್ಲಿ ಸಾಲು ಗುಡ್ಡವೆಲ್ಲಿ, ನೀಲಿ ಹೊಳೆಯೆಲ್ಲಿ? ಅಲ್ಲಿರುವುದು ಕರಿ ಎರೆಯ ಹೊಲ, ಮಣ್ಣಿನ ಮಾಳಿಗೆಯ ಮನೆ, ತಲೆಯ ಮೇಲೆ ಬಟಾಬಯಲು ಆಕಾಶ. ಮೂರು ಗುಡ್ಡದ ಆ ಊರನ್ನು ಬರೆದ ಮಗುವೂ ಕಂಡಿಲ್ಲ, ಬಹುಮಾನ ಕೊಟ್ಟವರೂ ಕಂಡಿಲ್ಲ. ಒಂದು ಹಾಳೆಯಿಂದ ಇನ್ನೊಂದು ಹಾಳೆಗೆ ನಕಲಾಗುತ್ತ ಬಂದ ಊರು ಅದು. ಅದನ್ನು ನಿಸರ್ಗಚಿತ್ರವೆಂದು ಕರೆದು ಮಕ್ಕಳ ಕಣ್ಣನ್ನು ಕೆಡಿಸುತ್ತಿದ್ದಾರೆ ಎಂಬುದು ನಮ್ಮ ನೇರವಾದ ಆರೋಪ.

ಭೂದೃಶ್ಯ ಚಿತ್ರ ಹೀಗೆ ಹುಟ್ಟುವುದಿಲ್ಲ. ಹೇಗೆ ಹುಟ್ಟುತ್ತದೆಂದು ತಿಳಿಯಬೇಕಾದವರು ಒಂದು ಭಾನುವಾರ ಬೆಳಿಗ್ಗೆ 7 ಗಂಟೆಗೆ ಫೋರ್ಟಿಗೆ ಹೋಗಲಿ. ವಾರವೆಲ್ಲ ಚರ್ಚ್‌ಗೇಟಿನಿಂದಲೂ ಬೋರಿಬಂದರದಿಂದಲೂ ಜನ ನುಗ್ಗಿ ಬರುವ ಬೀದಿಗಳು ಅಂದು ಖಾಲಿ. ಹಾರ್ನಿಮನ್ ಸರ್ಕಲ್ಲಿನ ಸುತ್ತಮುತ್ತ ಮಡಚುವ ಸ್ಟೂಲು ಹಾಕಿ, ತೊಡೆಯ ಮೇಲೆ ಹಲಗೆ ಇಟ್ಟು ಕುಳಿತವರು ಕಾಣಸಿಗುತ್ತಾರೆ. ಜೆ. ಜೆ. ಕಲಾಶಾಲೆಯ ವಿದ್ಯಾರ್ಥಿಗಳಿರಬಹುದು, ನಿವೃತ್ತ ಗುಮಾಸ್ತರೂ ಇರಬಹುದು. ಮೊದಲ ಅರ್ಧ ಗಂಟೆ ಅವರು ಬಣ್ಣವನ್ನೇ ಮುಟ್ಟುವುದಿಲ್ಲ. ಕಣ್ಣನ್ನು ಅರೆಮುಚ್ಚಿ ನೋಡುತ್ತಾರೆ, ಅಷ್ಟೆ. ಹಾಗೆ ನೋಡಿದಾಗ ಕಿಟಕಿ, ಬೋರ್ಡು, ತಂತಿ ಎಲ್ಲ ಕರಗಿ, ಕತ್ತಲು ಎಲ್ಲಿ ರಾಶಿಯಾಗಿದೆ, ಬೆಳಕು ಎಲ್ಲಿ ಎಂಬುದು ಮಾತ್ರ ಉಳಿಯುತ್ತದೆ. ಆಮೇಲೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡದಾದ ಎರಡು ಮೂರು ಚೌಕ ಹಾಕಿ, ಯಾವುದನ್ನು ಒಳಗೆ ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಪೆನ್ಸಿಲಿನಿಂದ ಲೆಕ್ಕ ಹಾಕುತ್ತಾರೆ. ಬಿಡುವುದೇ ಹೆಚ್ಚು.

ಎದುರಿಗಿರುವ ಟೌನ್ ಹಾಲನ್ನೇ ನೋಡಿ; 1833ರಲ್ಲಿ ಮುಗಿದ ಕಟ್ಟಡ, ಏಷಿಯಾಟಿಕ್ ಗ್ರಂಥಾಲಯ ಇರುವುದು ಅದರಲ್ಲೇ. ಅದರ ಮುಖ ಪಶ್ಚಿಮಕ್ಕೆ. ಬೆಳಿಗ್ಗೆ ಸೂರ್ಯ ಬಂದರಿನ ಕಡೆಯಿಂದ, ಕಟ್ಟಡದ ಬೆನ್ನ ಹಿಂದಿನಿಂದ ಏರುವುದರಿಂದ ಬಿಳಿಯ ಕಂಬಗಳೆಲ್ಲ ಆಗ ನೀಲಿ ನೆರಳು. ಸಂಜೆ ನಾಲ್ಕಕ್ಕೆ ಹೋದರೆ ಅದೇ ಕಂಬಗಳು ಬೆಣ್ಣೆಯ ಬಣ್ಣ. ಕಂಬ ಬಿಳಿ ಎಂದು ಪುಸ್ತಕದಲ್ಲಿ ಓದಿ ಬರೆದವನಿಗೂ, ಆ ಹೊತ್ತಿಗೆ ಅದು ನೀಲಿ ಎಂದು ಕಂಡು ಬರೆದವನಿಗೂ ಇರುವ ಅಂತರವೇ ಈ ವಿದ್ಯೆ. ಜಲವರ್ಣದಲ್ಲಿ ಬಿಳಿಯನ್ನು ಹಚ್ಚುವ ಪದ್ಧತಿ ಇಲ್ಲ. ಕಾಗದದ ಬಿಳಿಯನ್ನೇ ಉಳಿಸಿಕೊಳ್ಳಬೇಕು. ಎಂದರೆ ಬೆಳಕು ಎಲ್ಲಿರಬೇಕೆಂದು ಮೊದಲ ಕುಂಚ ಅದ್ದುವ ಮುನ್ನವೇ ತೀರ್ಮಾನವಾಗಿರಬೇಕು. ಮಳೆಗಾಲದ ತೇವಕ್ಕೆ ಆಕಾಶದ ಬಣ್ಣ ಬೇಗ ಒಣಗುವುದಿಲ್ಲ. ಅವಸರಪಟ್ಟು ಅದರ ಮೇಲೆ ಕಟ್ಟಡ ಎಬ್ಬಿಸಿದರೆ ಎರಡೂ ಸೇರಿ ಕೆಸರು. ಮೇ ತಿಂಗಳಲ್ಲಿ ಇದಕ್ಕೆ ತದ್ವಿರುದ್ಧ, ಕುಂಚ ಎತ್ತುವಷ್ಟರಲ್ಲಿ ಅಂಚು ಒಣಗಿ ಕಲೆ ಬೀಳುತ್ತದೆ. ಕಲ್ಲಿನ ಸಂಗತಿಯೂ ಹಾಗೆಯೇ. ಫೋರ್ಟಿನ ಹಳೆಯ ಕಟ್ಟಡಗಳಲ್ಲಿ ಮಾಲಾಡಿನ ಹಳದಿ ಕಲ್ಲಿದೆ, ಕುರ್ಲಾದ ಕಲ್ಲಿದೆ, ಪೋರಬಂದರದ ತಿಳಿ ಕಲ್ಲಿದೆ, ನಮ್ಮ ಕಾಲಡಿಯ ಕರಿಕಲ್ಲಿದೆ. ಒಂದು ಮಳೆ ಬಿದ್ದು ನಿಂತರೆ ಒಂದೊಂದೂ ಒಂದೊಂದು ರೀತಿ ಬಣ್ಣ ಬದಲಿಸುತ್ತದೆ. ಇದನ್ನೆಲ್ಲ ಒಂದು ಗಂಟೆಯ ಸ್ಪರ್ಧೆ ಕಲಿಸೀತೇ? ಕಲಿಯಬೇಕಾದವರು ಮುಂದಿನ ಭಾನುವಾರ ಮತ್ತೆ ಅದೇ ಜಾಗಕ್ಕೆ ಬರುತ್ತಾರೆ. ಬರೆದದ್ದನ್ನು ಮನೆಯ ಗೋಡೆಗೆ ಒರಗಿಸಿ ವಾರವಿಡೀ ನೋಡುತ್ತಾರೆ. ಹೆಚ್ಚಿನವನ್ನು ಹರಿದೆಸೆಯುತ್ತಾರೆ.

ಕೆ. ಕೆ. ಹೆಬ್ಬಾರರ ಹೆಸರು ಹೇಳದ ಕನ್ನಡ ವೇದಿಕೆ ಈ ನಗರದಲ್ಲಿಲ್ಲ. ಭಾಷಣದಲ್ಲಿ ಅವರು ‘ಹುಟ್ಟು ಕಲಾವಿದರು’. ಈ ಮಾತಿನಷ್ಟು ಸೋಮಾರಿಯಾದ ಹೊಗಳಿಕೆ ಇನ್ನೊಂದಿಲ್ಲ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದವರು ಹೆಬ್ಬಾರರು. ಮುಂಬಯಿಗೆ ಬಂದು ಬೋರಿಬಂದರದ ಹತ್ತಿರದ ಜೆ. ಜೆ. ಶಾಲೆಯಲ್ಲಿ ಕಲಿತರು, ಅಲ್ಲೇ ಕಲಿಸಿದರು, ಮೇಷ್ಟ್ರಾದ ಮೇಲೆಯೂ ಕಲಿಯುವುದು ಬಾಕಿ ಇದೆಯೆಂದು ಪ್ಯಾರಿಸ್ಸಿಗೆ ಹೋಗಿ ಮತ್ತೆ ವಿದ್ಯಾರ್ಥಿಯಾದರು. ಗೆರೆಗೆ ಲಯ ಬರಬೇಕೆಂದು ಕಥಕ್ ನೃತ್ಯವನ್ನು ಗುರುಮುಖೇನ ಅಭ್ಯಾಸ ಮಾಡಿದರು. ಚಿತ್ರಕಾರನೊಬ್ಬ ಗೆಜ್ಜೆ ಕಟ್ಟಿ ಕಾಲು ನೋಯಿಸಿಕೊಂಡದ್ದು ಗೆರೆಗಾಗಿ! ಭೂದೃಶ್ಯ ಚಿತ್ರಕಾರ ಎಂಬ ಒಂದೇ ಹೆಸರಿಗೆ ಅವರು ಸಿಕ್ಕುವವರಲ್ಲ, ನಿಜ. ಆದರೆ ಕೇರಳದ ನೆಲ, ಮನೆ, ಮನುಷ್ಯರನ್ನು ಅವರು ಬರೆದದ್ದು ಅಲ್ಲಿಗೆ ಹೋಗಿ, ಕಂಡು. ಇಂಥವರನ್ನು ‘ಹುಟ್ಟು’ ಎಂಬ ಎರಡಕ್ಷರದಲ್ಲಿ ಮುಗಿಸಿಬಿಟ್ಟರೆ ಅವರ ದಿನನಿತ್ಯದ ದುಡಿಮೆಯನ್ನು ಮಕ್ಕಳಿಂದ ಮುಚ್ಚಿಟ್ಟಂತೆ.

ಕಾಲಾಘೋಡಾದ ಜಹಾಂಗೀರ್ ಆರ್ಟ್ ಗ್ಯಾಲರಿಯ ಕಥೆಯನ್ನೂ ಹಾಗೆಯೇ ಮುಚ್ಚಿಡಲಾಗಿದೆ. 1952ರಲ್ಲಿ ಸರ್ ಕಾವಸ್‌ಜಿ ಜಹಾಂಗೀರರು ಅದನ್ನು ಕಟ್ಟಿಸಿಕೊಟ್ಟದ್ದರ ಹಿಂದೆ ಹೋಮಿ ಭಾಭಾ ಅವರ ಜೊತೆಗೆ ಹೆಬ್ಬಾರರ ಒತ್ತಾಯವೂ ಇತ್ತು. ಒಳಗೆ ಹೋಗಲು ಟಿಕೆಟ್ಟಿಲ್ಲ. ಎದುರಿನ ಬೀದಿಗಳ ಹೊಟೇಲುಗಳಲ್ಲಿ, ಬ್ಯಾಂಕುಗಳಲ್ಲಿ, ಕಚೇರಿಗಳಲ್ಲಿ ನಮ್ಮವರು ತಲೆಮಾರುಗಟ್ಟಲೆ ದುಡಿದಿದ್ದಾರೆ. ಅವರಲ್ಲಿ ಎಷ್ಟು ಮಂದಿ ಮಗುವಿನ ಕೈ ಹಿಡಿದು ಆ ಬಾಗಿಲು ದಾಟಿದ್ದಾರೆ? (ಮೈಸೂರಿನ ಜಗನ್ಮೋಹನ ಅರಮನೆಯ ದೀಪ ಹಿಡಿದ ಹೆಂಗಸಿನ ಚಿತ್ರದ ಪ್ರತಿ ನಮ್ಮ ಎಷ್ಟೋ ಮನೆಗಳಲ್ಲಿದೆ. ರವಿವರ್ಮನದೆಂದೇ ಹೇಳುತ್ತಾರೆ. ಅದು ಇದೇ ಮುಂಬಯಿಯಲ್ಲಿ ಬದುಕಿ, ಕಲಿಸಿದ ಎಸ್. ಎಲ್. ಹಳದಣಕರರ ಜಲವರ್ಣ.)

ಬಿಡುವಿಲ್ಲ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಎಸ್. ಎಚ್. ರಜಾ 1940ರ ದಶಕದಲ್ಲಿ ಈ ನಗರದ ಮಳೆಯ ಬೀದಿಗಳನ್ನು ಜಲವರ್ಣದಲ್ಲಿ ಬರೆದರಲ್ಲ, ಆಗ ಹಗಲೆಲ್ಲ ಬ್ಲಾಕ್ ತಯಾರಿಸುವ ಸ್ಟುಡಿಯೋದಲ್ಲಿ ಅವರಿಗೆ ನೌಕರಿ. ಕೆ. ಎಚ್. ಆರಾ ಮನೆಗೆಲಸ ಮಾಡಿ, ಕಾರು ತೊಳೆದು ಚಿತ್ರಕಾರರಾದವರು. ಹಗಲು ಫೋರ್ಟಿನ ಹೊಟೇಲಿನಲ್ಲಿ ಕಪ್ಪುಬಸಿ ತೊಳೆದು ರಾತ್ರಿ ಕನ್ನಡ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿದ ಹುಡುಗರ ಸಮಾಜ ನಮ್ಮದು. ಬಿಡುವಿಲ್ಲ ಎಂಬ ಮಾತು ನಮ್ಮ ಬಾಯಲ್ಲಿ ಶೋಭಿಸುವುದಿಲ್ಲ. ಮಕ್ಕಳನ್ನು ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆಗಳಿಗೆ ಕೂರಿಸಲು ಬಿಡುವು ಸಿಗುತ್ತದೆ. ಹತ್ತನೆಯ ತರಗತಿಯಲ್ಲಿ ಅದಕ್ಕೆ ಹೆಚ್ಚುವರಿ ಅಂಕವಿದೆಯಲ್ಲ!

ಹಿರಿಯರ ಆಕ್ಷೇಪ ಬೇರೆ. ಪರಊರಿನಲ್ಲಿ ಬೆಳೆಯುವ ಮಕ್ಕಳಿಗೆ ಹುಟ್ಟೂರಿನ ನೆನಪು ಇರಲಿ ಎಂದೇ ಆ ವಿಷಯ ಕೊಡುವುದು ಎನ್ನುತ್ತಾರೆ. ಅವರ ಕಳಕಳಿಯನ್ನು ನಾವು ಗೌರವಿಸುತ್ತೇವೆ. ಆದರೆ ಅಜ್ಜನ ನೆನಪನ್ನು ಮೊಮ್ಮಗ ಬರೆಯಲಾರ; ಅವನಿಗೆ ಸಿಗುವುದು ಅದರ ಕ್ಯಾಲೆಂಡರು ಮಾತ್ರ. ರಜೆಯಲ್ಲಿ ಊರಿಗೆ ಕರೆದುಕೊಂಡು ಹೋದಾಗ ಹಿತ್ತಲ ಪಾಗಾರದ ಎದುರು ಒಂದು ಬೆಳಗು ಕೂರಿಸಿ; ಆಗ ಊರು ಅವನದಾದೀತು. ಅಲ್ಲಿಯವರೆಗೆ ಅವನ ಭೂದೃಶ್ಯ ಲೋಕಲ್ ಗಾಡಿಯ ಕಿಟಕಿ, ಎದುರು ಕಟ್ಟಡದ ನೀರಿನ ಟಾಂಕಿ, ಅಪ್ಪ ದುಡಿಯುವ ಫೋರ್ಟು. ಅಜ್ಜ ಐವತ್ತು ವರ್ಷ ನಡೆದಾಡಿದ ಆ ಫೋರ್ಟಿನ ಒಂದು ಚಿತ್ರವಾದರೂ ನಮ್ಮ ಸಭಾಗೃಹಗಳ ಗೋಡೆಯ ಮೇಲಿದೆಯೇ? ಅಧ್ಯಕ್ಷರ ಭಾವಚಿತ್ರಗಳಿವೆ.

ಆದ್ದರಿಂದ ಸಂಘಗಳ ಪದಾಧಿಕಾರಿಗಳಲ್ಲಿ ನಮ್ಮ ಬೇಡಿಕೆ ಇಷ್ಟು. ಬರುವ ವರ್ಷ ಒಂದು ಗಂಟೆಯ ಸ್ಪರ್ಧೆಯನ್ನು ಕೈಬಿಡಿ. ಟ್ರೋಫಿಗೆ ತೆಗೆದಿಟ್ಟ ಹಣದಲ್ಲಿ ಹಲಗೆ, ದಪ್ಪ ಕಾಗದ, ಎರಡು ಕುಂಚ ಕೊಂಡುಕೊಡಿ. ಮಳೆ ಬಿಟ್ಟ ಮೇಲೆ ಅಕ್ಟೋಬರಿನ ನಾಲ್ಕು ಭಾನುವಾರ, ಬೆಳಿಗ್ಗೆ 7 ಗಂಟೆಗೆ, ಮಕ್ಕಳನ್ನು ಹಾರ್ನಿಮನ್ ಸರ್ಕಲ್ಲಿನಲ್ಲಿ ಸೇರಿಸಿ. ನಾಲ್ಕು ವಾರವೂ ಪ್ರತಿ ಮಗು ಅದೇ ಜಾಗದಲ್ಲಿ ಕೂರಲಿ. ವಿಷಯ ಕೊಡಬೇಡಿ. ತಂದೆತಾಯಿಗಳು ಹಿಂದೆ ನಿಂತು ‘ಅಲ್ಲೊಂದು ಮರ ಹಾಕು ಪುಟ್ಟಾ’ ಎನ್ನದಂತೆ ಅವರನ್ನು ಇರಾನಿ ಹೊಟೇಲಿಗೆ ಚಹಾಕ್ಕೆ ಕಳಿಸಿ. ಹತ್ತೂವರೆಗೆ ಹಲಗೆ ಎತ್ತಿಟ್ಟು, ಮಕ್ಕಳು ಏನಾದರೂ ತಿಂದ ಮೇಲೆ, ಕಾಲಾಘೋಡಾದವರೆಗೆ ನಡೆದರೆ ಜಹಾಂಗೀರಿನ ಬಾಗಿಲು ತೆರೆಯುವ ಹೊತ್ತಾಗಿರುತ್ತದೆ.