ಛಲವಿಲ್ಲದ ಹುಡುಗ ದಡ್ಡನೇನಲ್ಲ

"ಬುದ್ಧಿ ಇದೆ ಸಾರ್, ಛಲ ಒಂದಿಲ್ಲ ನೋಡಿ." ಶಾಲೆಗಳಲ್ಲಿ ಪಾಲಕರ ಸಭೆ ನಡೆದಾಗಲೆಲ್ಲ ಈ ಮಾತು ಒಮ್ಮೆಯಾದರೂ ಕೇಳಿಬರುತ್ತದೆ. ಹುಡುಗ ಪಾಠ ಕೇಳುತ್ತಾನೆ, ಕೊಟ್ಟ ಲೆಕ್ಕ ಮಾಡುತ್ತಾನೆ, ಪ್ರಶ್ನೆ ಕೇಳಿದರೆ ಎದ್ದು ನಿಂತು ಉತ್ತರವನ್ನೂ ಹೇಳುತ್ತಾನೆ. ಆದರೆ ಪಕ್ಕದ ಮನೆಯ ಹುಡುಗನಿಗೆ ನಾಲ್ಕು ಅಂಕ ಹೆಚ್ಚು ಬಂದರೆ ಅವನಿಗೆ ಏನೂ ಅನ್ನಿಸುವುದಿಲ್ಲ. ಓಟದ ಪಂದ್ಯದಲ್ಲಿ ನಾಲ್ಕನೆಯವನಾಗಿ ಬಂದು ನಗುನಗುತ್ತಾ ನೀರು ಕುಡಿಯುತ್ತಾನೆ. ತಂದೆಗೆ ಬೇಸರ ತರುವುದು ಆ ನಾಲ್ಕನೆಯ ಸ್ಥಾನವಲ್ಲ, ಆ ನಗು.

ಅದೇ ತಂದೆ ಭಾರತ ತಂಡ ಕ್ರಿಕೆಟ್ಟಿನಲ್ಲಿ ಸೋತ ರಾತ್ರಿ ಊಟ ಬಿಟ್ಟು ಮಲಗುವವರಾಗಿರಬಹುದು. ಗೆಲ್ಲಬೇಕೆಂಬ ಹಂಬಲ ಆಡುವವನಿಗಿಂತ ನೋಡುವವನಲ್ಲೇ ಹೆಚ್ಚಾಗಿರುವುದು ಅಪರೂಪವೇನಲ್ಲ. ಛಲ ಎಂಬುದು ಎಲ್ಲರಲ್ಲೂ ಇರಲೇಬೇಕೆ? ಅದಿಲ್ಲದ ಮಗುವಿನಲ್ಲಿ ಏನಾದರೂ ಕೊರತೆಯಿದೆಯೆ? ಈ ಪ್ರಶ್ನೆಯನ್ನು ಸ್ವಲ್ಪ ಸಮಾಧಾನದಿಂದ ನೋಡಬೇಕಾಗಿದೆ.

ಗಾಳದ ರಾಟೆ ಹೇಳಿದ್ದು

ಸ್ಪರ್ಧೆ ಮನುಷ್ಯನನ್ನು ಏನು ಮಾಡುತ್ತದೆ ಎಂಬುದನ್ನು ಪ್ರಯೋಗದಿಂದ ಅಳೆಯಲು ಹೊರಟ ಮೊದಲಿಗರಲ್ಲಿ ಅಮೆರಿಕದ ನಾರ್ಮನ್ ಟ್ರಿಪ್ಲೆಟ್ ಒಬ್ಬ. ಆತನಿಗೆ ಸೈಕಲ್ ಪಂದ್ಯಗಳ ಹುಚ್ಚಿತ್ತು. ಒಬ್ಬನೇ ಗಡಿಯಾರದ ವಿರುದ್ಧ ಸೈಕಲ್ ತುಳಿಯುವುದಕ್ಕಿಂತ ಜೊತೆಯಲ್ಲಿ ಇನ್ನೊಬ್ಬನಿದ್ದಾಗ ಸವಾರ ಹೆಚ್ಚು ವೇಗವಾಗಿ ಹೋಗುತ್ತಾನೆ ಎಂಬುದನ್ನು ಆತ ಪಂದ್ಯಗಳ ದಾಖಲೆಗಳಲ್ಲಿ ಗಮನಿಸಿದ. ಇದನ್ನು ಪರೀಕ್ಷಿಸಲು ಮೀನು ಹಿಡಿಯುವ ಗಾಳದ ದಾರ ಸುತ್ತುವ ಪುಟ್ಟ ರಾಟೆಗಳನ್ನು ತಂದು ಮಕ್ಕಳ ಕೈಗೆ ಕೊಟ್ಟ. ಒಮ್ಮೆ ಒಬ್ಬರೇ ತಿರುಗಿಸಬೇಕು, ಇನ್ನೊಮ್ಮೆ ಇಬ್ಬರು ಜೊತೆಯಾಗಿ ನಿಂತು ತಿರುಗಿಸಬೇಕು. ಎಷ್ಟು ಸೆಕೆಂಡು ಹಿಡಿಯಿತೆಂದು ಬರೆದುಕೊಂಡ. ಫಲಿತಾಂಶವನ್ನು 1898ರಲ್ಲಿ ಪ್ರಕಟಿಸಿದ.

ಆತನ ಪಟ್ಟಿಯಲ್ಲಿ 40 ಮಕ್ಕಳಿದ್ದರು. ಅವರಲ್ಲಿ 20 ಮಕ್ಕಳು ಪಕ್ಕದಲ್ಲಿ ಸ್ಪರ್ಧಿಯಿದ್ದಾಗ ಹೆಚ್ಚು ವೇಗವಾಗಿ ತಿರುಗಿಸಿದರು. ಪಾಠಪುಸ್ತಕಗಳಲ್ಲಿ ಸಾಮಾನ್ಯವಾಗಿ ಈ ಅರ್ಧ ಮಾತ್ರ ಉಳಿದುಕೊಂಡಿದೆ. ಉಳಿದ ಅರ್ಧವೂ ಅಷ್ಟೇ ಮುಖ್ಯವಾದುದು. 10 ಮಕ್ಕಳಲ್ಲಿ ಹೇಳಿಕೊಳ್ಳುವಂಥ ಯಾವ ವ್ಯತ್ಯಾಸವೂ ಕಾಣಲಿಲ್ಲ. ಪಕ್ಕದಲ್ಲಿ ಯಾರಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಇನ್ನುಳಿದ 10 ಮಕ್ಕಳು ಸ್ಪರ್ಧೆಯ ಉದ್ವೇಗಕ್ಕೆ ಸಿಕ್ಕಿ ಕೈ ಬಿಗಿಹಿಡಿದು, ಒಬ್ಬರೇ ಇದ್ದಾಗಿಗಿಂತ ನಿಧಾನವಾದರು.

ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಈ ಪ್ರಯೋಗ ಚಿಕ್ಕದು. ಅದರ ಅಂಕಿಗಳನ್ನು ಇಡೀ ಜಗತ್ತಿನ ಮಕ್ಕಳಿಗೆ ಹಚ್ಚುವುದು ಸರಿಯಲ್ಲ. ಆದರೆ ಯಾವುದೇ ತರಗತಿಯ ಬಾಗಿಲಲ್ಲಿ ನಿಂತು ನೋಡಿದರೆ ಈ ಮೂರೂ ಬಗೆಯ ಮಕ್ಕಳು ಕಾಣಸಿಗುತ್ತಾರೆ. "ನೀನು ಅವನನ್ನು ಹಿಂದೆ ಹಾಕಬೇಕು" ಎಂಬ ಮಾತು ಮೊದಲ ಬಗೆಯವನಿಗೆ ಟಾನಿಕ್. ಎರಡನೆಯವನಿಗೆ ಅದು ಗೋಡೆಗೆ ಹೇಳಿದ ಮಾತು. ಮೂರನೆಯವನಿಗೆ ಅದೇ ಜ್ವರ. ಒಂದೇ ಔಷಧವನ್ನು ಮೂವರಿಗೂ ಕುಡಿಸುವ ವೈದ್ಯನನ್ನು ಯಾರೂ ಮೆಚ್ಚುವುದಿಲ್ಲ. ಆದರೆ ಮನೆಗಳಲ್ಲೂ ಶಾಲೆಗಳಲ್ಲೂ ನಡೆಯುತ್ತಿರುವುದು ಅದೇ.

ಬಿರುದಿನವರು, ಬರಿಯ ಹೆಸರಿನವರು

ಛಲವಿಲ್ಲದೆ ದೊಡ್ಡ ಕೆಲಸ ಸಾಧ್ಯವೆ ಎಂದು ಕೇಳುವವರು ಬೇಲೂರಿನಿಂದ ಅರಸೀಕೆರೆಯ ಕಡೆಗೆ ಹೊರಡುವ ಬಸ್ಸು ಹತ್ತಿದರೆ ಸಾಕು. ದಾರಿಯಲ್ಲೇ ಉತ್ತರವಿದೆ.

ಬೇಲೂರಿನ ಚೆನ್ನಕೇಶವ ದೇಗುಲವನ್ನು ವಿಷ್ಣುವರ್ಧನ ಕಟ್ಟಿಸಿದ್ದು 1117ರಲ್ಲಿ. ಅಲ್ಲಿನ ಮದನಿಕೆಯರನ್ನು ನೋಡಿ ಬೆರಗಾಗುವ ಪ್ರವಾಸಿಗರು ಅವರ ಕಾಲಬುಡದ ಪೀಠದ ಕಡೆಗೆ ಕಣ್ಣು ಹಾಯಿಸುವುದು ಕಡಿಮೆ. ಅಲ್ಲಿ ಹಲವೆಡೆ ಕೆತ್ತಿದವನ ಹೆಸರು ಇದೆ. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ಮೊದಲಾದವರು ಹೀಗೆ ತಮ್ಮ ಹೆಸರನ್ನು ಕಲ್ಲಿನಲ್ಲಿ ಬಿಟ್ಟುಹೋದವರು. ಹೆಸರಿನ ಜೊತೆಗೆ ಬಿರುದುಗಳೂ ಇವೆ. ಬಿರುದಾಂಕಿತ ರೂವಾರಿಗಳು ಮನ್ಮಥನಾದರೆ ತಾನು ಅವರನ್ನು ಸುಡುವ ಶಿವ ಎಂಬುದು ಚಾವಣನ ಹೆಮ್ಮೆ. ರೂವಾರಿ ಎಂದರೆ ಶಿಲ್ಪಿ. ಎದುರಾಳಿ ಶಿಲ್ಪಿಗಳನ್ನು ಮಣಿಸಿದವನು, ಅವರ ಗರ್ವ ಮುರಿದವನು ಎಂಬ ಧಾಟಿಯ ಬಿರುದುಗಳು ಬೇಲೂರಿನಲ್ಲಿ ಇನ್ನೂ ಇವೆ. ಕುಸ್ತಿಯ ಕಣದಲ್ಲಿ ಕೇಳಬೇಕಾದ ಮಾತು ಉಳಿಯ ಕೆಲಸದವರ ಬಾಯಲ್ಲಿ! ಅಲ್ಲಿದ್ದದ್ದು ತೀವ್ರವಾದ ಪೈಪೋಟಿ ಎಂಬುದರಲ್ಲಿ ಸಂಶಯವಿಲ್ಲ. ಆ ಪೈಪೋಟಿ ಒಳ್ಳೆಯ ಫಲವನ್ನೇ ಕೊಟ್ಟಿತು ಎಂಬುದಕ್ಕೆ ಮದನಿಕೆಯರೇ ಸಾಕ್ಷಿ.

ಬಸ್ಸು ಹಳೇಬೀಡು ದಾಟಿ ಮುಂದೆ ಸಾಗಿದರೆ ಅರಸೀಕೆರೆ ತಾಲ್ಲೂಕಿನ ಜಾವಗಲ್ ಸಿಗುತ್ತದೆ. ಅಲ್ಲಿ 13ನೆಯ ಶತಮಾನದ ಲಕ್ಷ್ಮೀನರಸಿಂಹ ದೇಗುಲವಿದೆ. ಅಲ್ಲಿ ಕೆಲಸ ಮಾಡಿದವರಲ್ಲಿ ಮಲ್ಲಿತಮ್ಮ ಒಬ್ಬ. 1196ರ ಅಮೃತಾಪುರದ ಅಮೃತೇಶ್ವರ ದೇಗುಲದಲ್ಲಿ ಮೊದಲು ಕಾಣಿಸಿಕೊಳ್ಳುವ ಈ ಹೆಸರು ಮುಂದಿನ ಸುಮಾರು ಅರುವತ್ತು ವರ್ಷಗಳ ಕಾಲ ನುಗ್ಗೇಹಳ್ಳಿ, ಜಾವಗಲ್, ಸೋಮನಾಥಪುರ ಎಂದು ಒಂದಾದ ಮೇಲೊಂದು ದೇಗುಲದಲ್ಲಿ ಸಿಗುತ್ತದೆ. ನಲವತ್ತಕ್ಕೂ ಹೆಚ್ಚು ದೇಗುಲಗಳ ಕೆಲಸದಲ್ಲಿ ಅವನ ಕೈಯಿದೆ ಎಂಬುದು ವಿದ್ವಾಂಸರ ಲೆಕ್ಕ. ಇಷ್ಟು ಕೆಲಸ ಮಾಡಿದವನ ರುಜು ಹೇಗಿದೆ? ಹಲವೆಡೆ ಬರಿಯ "ಮಲ್ಲಿತಮ್ಮ". ಕೆಲವೆಡೆ "ಮಲ್ಲಿ". ಇನ್ನು ಕೆಲವೆಡೆ "ಮ" ಎಂಬ ಒಂದೇ ಅಕ್ಷರ. ಇದು ತನ್ನ ಕೆಲಸ ಎಂದು ಗುರುತು ಹಾಕಿ, ಮುಂದಿನ ಕಲ್ಲಿಗೆ ಹೋದಂತಿದೆ.

ಇದರಿಂದ ಮಲ್ಲಿತಮ್ಮನಿಗೆ ಗೆಲ್ಲುವ ಆಸೆಯೇ ಇರಲಿಲ್ಲ ಎಂದು ಸಾಧಿಸಹೊರಡುವುದು ಬೇಡ. ಆದರೆ ಇಷ್ಟಂತೂ ಸ್ಪಷ್ಟ: ಎದುರಾಳಿಯ ಹೆಸರೆತ್ತಿ ಕೆತ್ತಿದವನ ಕಲ್ಲೂ ಚೆನ್ನಾಗಿದೆ, ಒಂದಕ್ಷರ ಬರೆದು ಸುಮ್ಮನಾದವನ ಕಲ್ಲೂ ಚೆನ್ನಾಗಿದೆ. 2023ರಲ್ಲಿ ಯುನೆಸ್ಕೋ ಸಂಸ್ಥೆ ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಒಟ್ಟಾಗಿಯೇ ಸೇರಿಸಿತು. ಬಿರುದಿನವನಿಗೂ "ಮ" ಎಂದವನಿಗೂ ಅಲ್ಲಿ ಒಂದೇ ಪಂಕ್ತಿ.

ಆದರೂ ಜನಕ್ಕೆ ಪ್ರಿಯವಾದದ್ದು ಮಲ್ಲಿತಮ್ಮನಲ್ಲ, ಜಕಣಾಚಾರಿ. ಶಾಸನಗಳಲ್ಲಿ ಸಿಗದ ಈ ಶಿಲ್ಪಿಯ ಕಥೆ ಬೇಲೂರಿನಲ್ಲಿ ಎಲ್ಲರ ಬಾಯಲ್ಲೂ ಇದೆ. ತಂದೆ ಕಡೆದ ವಿಗ್ರಹದಲ್ಲಿ ಮಗ ಡಂಕಣ ದೋಷ ಹುಡುಕಿದ್ದು, ತಂದೆ ಕೈ ಪಣವಿಟ್ಟದ್ದು, ಕಲ್ಲಿನೊಳಗಿಂದ ಕಪ್ಪೆ ಹೊರಬಂದದ್ದು, ಮಾತಿಗೆ ತಪ್ಪದ ತಂದೆ ಕೈ ಕಡಿದುಕೊಂಡದ್ದು. ಗೆಲುವು ಸೋಲು ಇರುವ ಕಥೆಯನ್ನೇ ಜನ ನೆನಪಿಟ್ಟುಕೊಳ್ಳುತ್ತಾರೆ. ಗೆದ್ದವನು ಮಗ, ಸೋತವನು ತಂದೆ, ಇಬ್ಬರಿಗೂ ಆ ಗೆಲುವಿನಿಂದ ಸುಖವಾಗಲಿಲ್ಲ ಎಂಬುದನ್ನು ಮಾತ್ರ ಹೇಳುವವರು ಕಡಿಮೆ.

ಜಾವಗಲ್ಲಿನ ಹೆಸರು

ಮಲ್ಲಿತಮ್ಮ ಕೆಲಸ ಮಾಡಿದ ಅದೇ ಜಾವಗಲ್ಲಿನ ಹೆಸರನ್ನು ಪ್ರಪಂಚದ ಕ್ರಿಕೆಟ್ ಮೈದಾನಗಳಿಗೆಲ್ಲ ಕೊಂಡೊಯ್ದವರು ವೇಗದ ಬೌಲರ್ ಜಾವಗಲ್ ಶ್ರೀನಾಥ್. ಅವರು ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಹೆಸರಿನ ಮುಂದೆ ಉಳಿದದ್ದು ಈ ಊರು. 67 ಟೆಸ್ಟ್‌ಗಳಲ್ಲಿ 236 ವಿಕೆಟ್ ಪಡೆದ ಅವರಿಗೆ ಛಲವಿರಲಿಲ್ಲ ಎಂದು ಹೇಳುವ ಧೈರ್ಯ ಯಾರಿಗೂ ಇಲ್ಲ. ಆದರೆ 1999ರಲ್ಲಿ ಪಾಕಿಸ್ತಾನದ ವಿರುದ್ಧ ನಾಲ್ಕು ವಾರಗಳೊಳಗೆ ಮುಗಿದ ಮೂರು ಟೆಸ್ಟ್‌ಗಳಲ್ಲಿ ಅವರ ಪಾಲಿಗೆ ಬಂದದ್ದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಮೊದಲನೆಯದು ಚೆನ್ನೈಯಲ್ಲಿ. ಗೆಲ್ಲಲು 271 ಓಟ ಬೇಕಿತ್ತು. ಸಚಿನ್ ತೆಂಡೂಲ್ಕರ್ ಬೆನ್ನುನೋವಿನಲ್ಲೇ 136 ಹೊಡೆದು ಔಟಾದ ಮೇಲೆ ತಂಡ ಕುಸಿದು, 12 ಓಟಗಳಿಂದ ಸೋತಿತು. ಕೊನೆಗೆ ಔಟಾದವರು ಶ್ರೀನಾಥ್. ಆಗ ಚೆನ್ನೈಯ ಪ್ರೇಕ್ಷಕರು ಎದ್ದು ನಿಂತು ಗೆದ್ದ ಪಾಕಿಸ್ತಾನ ತಂಡಕ್ಕೆ ಚಪ್ಪಾಳೆ ತಟ್ಟಿದರು. ಆ ಆಟಗಾರರು ಮೈದಾನಕ್ಕೆ ಒಂದು ಸುತ್ತು ಬಂದು ಅದನ್ನು ಸ್ವೀಕರಿಸಿದರು.

ಎರಡನೆಯದು ದೆಹಲಿಯಲ್ಲಿ. ಫೆಬ್ರವರಿ 7ರಂದು ಅನಿಲ್ ಕುಂಬ್ಳೆ ಪಾಕಿಸ್ತಾನದ ಒಂಬತ್ತು ವಿಕೆಟ್‌ಗಳನ್ನೂ ಒಬ್ಬರೇ ಪಡೆದಿದ್ದರು. ಟೆಸ್ಟ್ ಕ್ರಿಕೆಟ್ಟಿನಲ್ಲಿ ಹತ್ತೂ ವಿಕೆಟ್ ಪಡೆದವರು ಅದುವರೆಗೆ ಒಬ್ಬರೇ, 1956ರಲ್ಲಿ ಇಂಗ್ಲೆಂಡಿನ ಜಿಮ್ ಲೇಕರ್. ಮುಂದಿನ ಓವರ್ ಶ್ರೀನಾಥರದು. ಒಂದು ವಿಕೆಟ್ ಬಿದ್ದರೆ ಪಂದ್ಯ ಮುಗಿಯುತ್ತಿತ್ತು. ಆದರೆ ಆ ವಿಕೆಟ್ ತಪ್ಪಿಯೂ ತಮಗೆ ಬೀಳದಂತೆ ಅವರು ಚೆಂಡನ್ನು ಬೇಕೆಂದೇ ಸ್ಟಂಪಿನಿಂದ ಹೊರಕ್ಕೆ ಎಸೆದರು. ಅದರ ಮುಂದಿನ ಓವರಿನಲ್ಲಿ ವಾಸಿಂ ಅಕ್ರಂ ಔಟಾದರು. ಕುಂಬ್ಳೆಗೆ 74 ಓಟಕ್ಕೆ 10 ವಿಕೆಟ್. ತಂಡದ ಗೆಲುವು ಅಷ್ಟರಲ್ಲಿ ಖಚಿತವಾಗಿತ್ತು ಎಂಬುದು ನಿಜ. ಆದರೂ ವಿಕೆಟ್ ಪಡೆಯುವುದೇ ವೃತ್ತಿಯಾದವನು ವಿಕೆಟ್ ಬೇಡವೆಂದು ಚೆಂಡೆಸೆಯುವುದಕ್ಕೆ ಬೇರೆಯದೇ ಮನಸ್ಸು ಬೇಕು. ಅಂಕಪಟ್ಟಿಯಲ್ಲಿ ಆ ಓವರಿಗೆ ಯಾವ ಬೆಲೆಯೂ ಇಲ್ಲ.

ಮೂರನೆಯದು ಕಲ್ಕತ್ತೆಯಲ್ಲಿ. ಶ್ರೀನಾಥ್ ಮೊದಲ ಸರದಿಯಲ್ಲಿ 5, ಎರಡನೆಯದರಲ್ಲಿ 8, ಒಟ್ಟು 132 ಓಟಕ್ಕೆ 13 ವಿಕೆಟ್ ಪಡೆದರು. ಟೆಸ್ಟ್ ಜೀವನದಲ್ಲಿ ಅದು ಅವರ ಅತ್ಯುತ್ತಮ ಸಾಧನೆ. ಆದರೆ ಭಾರತ 46 ಓಟಗಳಿಂದ ಸೋತಿತು. ತೆಂಡೂಲ್ಕರ್ ಓಡುವಾಗ ಶೋಯಬ್ ಅಖ್ತರ್‌ಗೆ ತಾಗಿ ರನೌಟ್ ಆದದ್ದಕ್ಕೆ ಪ್ರೇಕ್ಷಕರು ಕೆರಳಿ ವಸ್ತುಗಳನ್ನು ಎಸೆದರು. ಕೊನೆಯ ದಿನ ಮತ್ತೆ ಗಲಾಟೆಯಾಗಿ, ಪೊಲೀಸರು ಜನರನ್ನು ಹೊರಗೆ ಕಳುಹಿಸಿದ ಮೇಲೆ ಬರಿದಾದ ಈಡನ್ ಗಾರ್ಡನ್ಸ್‌ನಲ್ಲಿ ಆಟ ಮುಗಿಯಿತು. ತಮ್ಮ ಆಟಗಾರನೊಬ್ಬನ ಜೀವಮಾನದ ಸಾಧನೆಗೆ ಚಪ್ಪಾಳೆ ತಟ್ಟಲು ಅಲ್ಲಿ ಜನರೇ ಉಳಿದಿರಲಿಲ್ಲ.

ಚೆನ್ನೈಯವರೂ ಅಭಿಮಾನಿಗಳೇ, ಕಲ್ಕತ್ತೆಯವರೂ ಅಭಿಮಾನಿಗಳೇ. ಮೊದಲನೆಯವರಿಗೆ ಆಟ ಬೇಕಿತ್ತು. ಎರಡನೆಯವರಿಗೆ ಆ ದಿನ ಗೆಲುವು ಮಾತ್ರ ಬೇಕಿತ್ತು.

"ನಾವು" ಮತ್ತು "ಅವರು"

ಅಭಿಮಾನಿಯ ಮನಸ್ಸನ್ನು ಕುರಿತು ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು 1976ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಏಳು ವಿಶ್ವವಿದ್ಯಾಲಯಗಳಲ್ಲಿ, ಫುಟ್‌ಬಾಲ್ ಪಂದ್ಯ ಮುಗಿದ ಮುಂದಿನ ಸೋಮವಾರ ವಿದ್ಯಾರ್ಥಿಗಳು ಏನು ತೊಟ್ಟು ಬರುತ್ತಾರೆಂದು ಎಣಿಸಿದರು. ತಂಡ ಗೆದ್ದ ವಾರ ವಿಶ್ವವಿದ್ಯಾಲಯದ ಹೆಸರು, ಲಾಂಛನವಿರುವ ಅಂಗಿ ತೊಟ್ಟವರು ಹೆಚ್ಚು. ಸೋತ ವಾರ ಕಡಿಮೆ. ವಿದ್ಯಾರ್ಥಿಗಳಿಗೆ ಫೋನು ಮಾಡಿ ಪಂದ್ಯದ ವಿಷಯ ಕೇಳಿದಾಗ ಇನ್ನೊಂದು ಸಂಗತಿ ಹೊರಬಿತ್ತು. ತಂಡ ಗೆದ್ದಿದ್ದರೆ "ನಾವು ಗೆದ್ದೆವು" ಎನ್ನುವವರು ಹೆಚ್ಚಾದರು. ಸೋತಿದ್ದರೆ "ಅವರು ಸೋತರು" ಎಂಬ ಮಾತು ಬಂತು.

ಇದನ್ನು ತಿಳಿಯಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಅಂಕಪಟ್ಟಿ ಬಂದ ದಿನ ಮನೆಯೊಳಗಿನ ಮಾತು ಕೇಳಿದರೆ ಸಾಕು. ಒಳ್ಳೆಯ ಅಂಕ ಬಂದಿದ್ದರೆ "ನಮ್ಮ ಮಗ" ಎಂದು ಬೀದಿಗೆಲ್ಲ ಸಿಹಿ ಹಂಚುತ್ತಾರೆ. ಕಡಿಮೆಯಾಗಿದ್ದರೆ ಗಂಡ ಹೆಂಡತಿಗೆ "ನಿನ್ನ ಮಗನ ಅಂಕ ನೋಡಿದೆಯಾ" ಎನ್ನುತ್ತಾರೆ. ಅದನ್ನು ಬಾಗಿಲ ಸಂದಿಯಲ್ಲಿ ನಿಂತ ಹುಡುಗ ಕೇಳಿಸಿಕೊಳ್ಳುತ್ತಾನೆ. ತಾನು ಈ ಮನೆಯವನಾಗಿರುವುದು ಗೆದ್ದ ದಿನ ಮಾತ್ರ ಎಂಬ ಲೆಕ್ಕ ಅವನ ತಲೆಯಲ್ಲಿ ಅಚ್ಚಾಗುತ್ತದೆ. ಕ್ರಿಕೆಟ್ ಅಭಿಮಾನಿ ಟೀವಿ ಆರಿಸಿದರೆ ಆಟಗಾರನಿಗೆ ನಷ್ಟವಿಲ್ಲ. ಹೆತ್ತವರೇ ಇಂಥ ಅಭಿಮಾನಿಗಳಾದರೆ ಮಗುವಿಗೆ ಹೋಗಲು ಬೇರೆ ಮನೆಯಿಲ್ಲ.

ಗಮನಿಸಬೇಕಾದದ್ದು

ಛಲವಿಲ್ಲದ ಮಗುವನ್ನು ಸುಮ್ಮನೆ ಬಿಟ್ಟುಬಿಡಬೇಕೆಂದು ಇದರ ಅರ್ಥವಲ್ಲ. ಛಲವಿಲ್ಲದಿರುವುದು ಬೇರೆ, ಕೆಲಸಗಳ್ಳತನ ಬೇರೆ. ಎರಡನ್ನೂ ಬಿಡಿಸಿ ನೋಡುವುದು ಕಷ್ಟವಲ್ಲ. ಯಾರೂ ಅಂಕ ಕೊಡದ ಕೆಲಸವನ್ನು ಮಗು ಹೇಗೆ ಮಾಡುತ್ತದೆ ಎಂದು ನೋಡಬೇಕು. ಕೆಟ್ಟ ಟಾರ್ಚನ್ನು ಬಿಚ್ಚಿ ಒಂದು ಗಂಟೆ ಕೂರುವ ಹುಡುಗಿ, ಪರೀಕ್ಷೆಗೆ ಬಾರದ ಲೆಕ್ಕವನ್ನು ಬಿಡಿಸದೆ ಏಳದ ಹುಡುಗ, ರಂಗೋಲಿಯ ಒಂದು ಎಳೆ ಸೊಟ್ಟಗಾದರೆ ಅಳಿಸಿ ಮತ್ತೆ ಎಳೆಯುವ ಮಗು, ಇವರಲ್ಲಿ ಶ್ರದ್ಧೆಯಿದೆ. ಅವರಿಗೆ ಬೇಕಾದದ್ದು ಎದುರಾಳಿಯಲ್ಲ, ಹಿಡಿಸುವಂಥ ಕೆಲಸ. ಯಾವ ಕೆಲಸದಲ್ಲೂ ಮನಸ್ಸು ನಿಲ್ಲದಿದ್ದರೆ ಆಗ ಯೋಚಿಸಬೇಕು. ಮೊದಲು ಇದ್ದ ಉತ್ಸಾಹ ಇದ್ದಕ್ಕಿದ್ದಂತೆ ಆರಿಹೋಗಿದ್ದರೆ ಶಿಕ್ಷಕರನ್ನು ಕಂಡು ಮಾತನಾಡಬೇಕು. ಅದರ ಹಿಂದೆ ಭಯವೋ ಕಾಯಿಲೆಯೋ ಇರಬಹುದು.

ಛಲವುಳ್ಳ ಮಗುವಿನಲ್ಲೂ ತಪ್ಪೇನಿಲ್ಲ. ಅವನಿಗೆ ಪಂದ್ಯ ಬೇಕು, ಕೊಡಿ. ಬಿರುದು ಕೆತ್ತಿಕೊಂಡ ಚಾವಣನನ್ನು ಯಾರೂ ಹೀಗಳೆಯುವುದಿಲ್ಲ. ಆದರೆ ಎದುರಾಳಿ ಚೆನ್ನಾಗಿ ಆಡಿದಾಗ ಚಪ್ಪಾಳೆ ತಟ್ಟುವುದನ್ನೂ ಅವನಿಗೆ ಕಲಿಸಬೇಕು.

ವಿದ್ಯಾರ್ಥಿಗಳಿಗೆ ಒಂದು ಸಣ್ಣ ಅಭ್ಯಾಸ. ಮುಂದಿನ ಕಿರುಪರೀಕ್ಷೆಯ ಉತ್ತರ ಪತ್ರಿಕೆ ಕೈಗೆ ಬಂದಾಗ ಪಕ್ಕದವನ ಅಂಕ ಕೇಳುವ ಮೊದಲು, ನಿಮ್ಮದೇ ಹಿಂದಿನ ಪತ್ರಿಕೆಯನ್ನು ಅದರ ಪಕ್ಕದಲ್ಲಿಟ್ಟು ನೋಡಿ. ಹೋದ ಸಲ ತಪ್ಪಿದ ಯಾವ ಲೆಕ್ಕ ಈ ಸಲ ಸರಿಯಾಗಿದೆ, ಯಾವುದು ಮತ್ತೆ ತಪ್ಪಿದೆ ಎಂದು ಗುರುತು ಹಾಕಿಕೊಳ್ಳಿ.

ಪಾಲಕರಿಗೆ ಇನ್ನೂ ಸಣ್ಣದು. ಅಂಕ ಎಷ್ಟೇ ಬರಲಿ, ಆ ಸಂಜೆ ಮನೆಯಲ್ಲಿ "ನಮ್ಮ ಮಗ", "ನಮ್ಮ ಮಗಳು" ಎಂಬ ಮಾತು ಬದಲಾಗದಿರಲಿ. ಬೈಯುವುದಿದ್ದರೂ ಹಾಗೆ ಕರೆದೇ ಬೈಯಬಹುದು.